ವಿಮಾನದ ಕಿಟ್: ಹೊಸ ಸ್ವದೇಶಿ ಕಂಪನಿಯದೋ, ಹೆಸರಾಂತ ಕಂಪನಿಯದೋ?

ವಿಮಾನದ ಪ್ಲಾಸ್ಟಿಕ್ ಕಿಟ್, ಅಂದರೆ ಬಿಡಿ ಭಾಗಗಳನ್ನು ಅಂಟಿಸಿ ಪುಟ್ಟ ಮಾದರಿ ವಿಮಾನ ಕಟ್ಟುವ ಪೆಟ್ಟಿಗೆ, ಕೊಳ್ಳಲು ಹೊರಟವರಿಗೆ ಒಂದು ಗೊಂದಲ ಕಾಡುತ್ತದೆ. ನಮ್ಮದೇ ದೇಶದಲ್ಲಿ ಹೊಸದಾಗಿ ಶುರುವಾದ ಕಂಪನಿಯ ಕಿಟ್ ತೆಗೆದುಕೊಳ್ಳಬೇಕಾ, ಇಲ್ಲಾ ದಶಕಗಳಿಂದ ಹೆಸರು ಮಾಡಿರುವ ಕಂಪನಿಯದ್ದಾ? ನಾನು ಎರಡೂ ಬಗೆಯವನ್ನು ಕಟ್ಟಿದ್ದೇನೆ. ಎರಡರಲ್ಲೂ ಖುಷಿ ಸಿಕ್ಕಿದೆ, ಆದರೆ ಒಂದೇ ಥರದ ಖುಷಿ ಅಲ್ಲ. ನನ್ನ ಸಲಹೆ ಇಷ್ಟು: ಮೊದಲು ವಿಮಾನವನ್ನು ಆರಿಸಿ, ಕಂಪನಿಯನ್ನು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಸ್ಪಿಟ್‌ಫೈರ್, ಮಸ್ಟ್ಯಾಂಗ್, ಮೆಸರ್‌ಸ್ಮಿಟ್ 109 ಇಂಥ ಎರಡನೇ ಮಹಾಯುದ್ಧದ ಹೆಸರಾಂತ ವಿಮಾನಗಳಿಗೆ ಕಿಟ್‌ಗಳ ಬರವಿಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ತನ್ನ ಮೊದಲ ವಿಮಾನದ ಕಿಟ್ ಆಗಿ ಸ್ಪಿಟ್‌ಫೈರ್ ತಂದದ್ದು 1950ರ ದಶಕದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದೇ ವಿಮಾನವನ್ನು ಎಷ್ಟೋ ಕಂಪನಿಗಳು, ಎಷ್ಟೋ ಸಲ, ಹೊಸ ಹೊಸ ಅಚ್ಚಿನಲ್ಲಿ ತಂದಿವೆ. ಹೊಸ ಕಂಪನಿಯೊಂದು ಇವತ್ತು ಸ್ಪಿಟ್‌ಫೈರ್ ಮಾಡಿದರೆ ಅದು ಜಪಾನಿನ ಟಮಿಯಾ, ಚೆಕ್ ದೇಶದ ಎಡ್ವರ್ಡ್‌ನಂಥ ಹೆಸರಾಂತ ಕಂಪನಿಗಳ ಕಿಟ್‌ಗಳ ಪಕ್ಕದಲ್ಲಿ ನಿಲ್ಲಬೇಕು. ಅದು ಕಷ್ಟದ ಸ್ಪರ್ಧೆ.

ಆದರೆ ಹೊಸ ಸ್ವದೇಶಿ ಕಂಪನಿಗಳು ಅನೇಕ ಸಲ ಅಲ್ಲಿಂದ ಶುರು ಮಾಡುವುದೇ ಇಲ್ಲ. ತಮ್ಮ ದೇಶದ ತರಬೇತಿ ವಿಮಾನ, ತಮ್ಮ ವಾಯುಪಡೆ ಬಿಟ್ಟು ಬೇರೆ ಯಾರೂ ಜಾಸ್ತಿ ಹಾರಿಸದ ಯುದ್ಧವಿಮಾನ, ಇಂಥವನ್ನು ಕೈಗೆತ್ತಿಕೊಳ್ಳುತ್ತವೆ. ಪೋಲೆಂಡಿನ ಆರ್ಮಾ ಹಾಬಿ ಕಂಪನಿಯನ್ನು ನೋಡಿ. 1/72ರಲ್ಲಿ, ಅಂದರೆ ನಿಜವಾದ ವಿಮಾನದ 72ನೇ ಒಂದು ಭಾಗದ ಅಳತೆಯಲ್ಲಿ, ಪೋಲೆಂಡಿನದೇ ಟಿಎಸ್-11 ಇಸ್ಕ್ರಾ ಜೆಟ್ ತರಬೇತಿ ವಿಮಾನ ಮತ್ತು ಪಿಜೆಡ್ಎಲ್ ಪಿ.11ಸಿ ಫೈಟರ್ ತಂದು ಹೆಸರು ಮಾಡಿತು. ಚೆಕ್ ಜನರ ಏವಿಯಾ ಬಿ-534 ಬೈಪ್ಲೇನನ್ನು (ಒಂದರ ಮೇಲೊಂದು ಎರಡು ರೆಕ್ಕೆ ಇರುವ ವಿಮಾನ) ಅವರದೇ ಕೆಪಿ ಕಂಪನಿ ಎಷ್ಟೋ ಹಿಂದೆಯೇ ಕಿಟ್ ಮಾಡಿತ್ತು. ದೊಡ್ಡ ಕಂಪನಿ ಇಡೀ ಜಗತ್ತಿನಲ್ಲಿ ಮಾರಾಟವಾಗುವುದನ್ನು ನೋಡಿ ಅಚ್ಚು ಕೊರೆಸುತ್ತದೆ. ಮನೆಯ ವಿಮಾನದ ಮೇಲೆ ಪ್ರೀತಿ ಇರುವುದು ಮನೆಯ ಕಂಪನಿಗೇ.

ಹಾಗಾಗಿ ನಿಮಗೆ ಬೇಕಾದ ವಿಮಾನ ಹೊಸ ಕಂಪನಿಯ ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತದೆ ಅಂದರೆ ಹೋಲಿಕೆಗೆ ಜಾಗವೇ ಇಲ್ಲ. ಕಟ್ಟುವುದು ಅಥವಾ ಕಟ್ಟದೇ ಇರುವುದು, ಇಷ್ಟೇ ಉಳಿಯುವ ಪ್ರಶ್ನೆ. ಅಂಥ ಕಡೆ ನಾನು ಯಾವಾಗಲೂ ಕಟ್ಟಿ ಅಂತಲೇ ಹೇಳುತ್ತೇನೆ. ಅದೇ ವಿಮಾನ ಇಬ್ಬರಲ್ಲೂ ಸಿಗುತ್ತದೆ ಅಂದಾಗ ಮಾತ್ರ ಕೆಳಗಿನ ಲೆಕ್ಕಾಚಾರ ಬೇಕಾಗುತ್ತದೆ.

ವ್ಯತ್ಯಾಸ ಹುಟ್ಟುವುದು ಅಚ್ಚಿನಲ್ಲಿ

ಕಿಟ್‌ನ ಗುಣವನ್ನು ನಿರ್ಧರಿಸುವುದು ಪ್ಲಾಸ್ಟಿಕ್ ಅಲ್ಲ, ಅಚ್ಚು. ಹೆಚ್ಚುಕಮ್ಮಿ ಎಲ್ಲರೂ ಬಳಸುವುದು ಪಾಲಿಸ್ಟೈರೀನ್. ಅದನ್ನು ಕರಗಿಸಿ ಒತ್ತಡದಲ್ಲಿ ಅಚ್ಚಿನೊಳಗೆ ತಳ್ಳುತ್ತಾರೆ, ಆರಿದ ಮೇಲೆ ಹೊರಗೆ ತೆಗೆಯುತ್ತಾರೆ.

ದೊಡ್ಡ ಕಂಪನಿಗಳ ಅಚ್ಚು ಗಟ್ಟಿ ಉಕ್ಕಿನದು. ಮಾಡಿಸಲು ತುಂಬಾ ಖರ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಜಾಸ್ತಿ ಒತ್ತಡ ತಡೆಯುತ್ತದೆ. ಹಾಗಾಗಿ ಪ್ಲಾಸ್ಟಿಕ್ ಮೂಲೆಮೂಲೆಗೂ ಹರಿದು ಸಣ್ಣ ರಿವೆಟ್ಟೂ (ಲೋಹದ ಹಾಳೆಗಳನ್ನು ಜೋಡಿಸುವ ಮೊಳೆಯ ತಲೆ) ಚೂಪಾಗಿ ಮೂಡುತ್ತದೆ. ಹೊಸ, ಚಿಕ್ಕ ಕಂಪನಿಗಳಲ್ಲಿ ಹಲವು ಅಲ್ಯೂಮಿನಿಯಂನಂಥ ಮೆತ್ತಗಿನ ಲೋಹದ ಅಚ್ಚು ಅಥವಾ ಎಪಾಕ್ಸಿ ಅಚ್ಚಿನಿಂದ ಶುರು ಮಾಡುತ್ತವೆ. ಖರ್ಚು ಕಡಿಮೆ, ಆದರೆ ಒತ್ತಡವೂ ಕಡಿಮೆ ಇಡಬೇಕು, ಅಚ್ಚಿನ ಆಯುಸ್ಸೂ ಚಿಕ್ಕದು. ಇದನ್ನೇ ಶಾರ್ಟ್ ರನ್ ಕಿಟ್ ಅನ್ನುವುದು.

ಇದು ಕಟ್ಟುವವರಿಗೆ ಹೇಗೆ ಗೊತ್ತಾಗುತ್ತದೆ? ಭಾಗಗಳನ್ನು ಹಿಡಿದಿರುವ ಚೌಕಟ್ಟಿದೆಯಲ್ಲ, ಸ್ಪ್ರೂ, ಅದು ಶಾರ್ಟ್ ರನ್ನಿನಲ್ಲಿ ದಪ್ಪಗಿರುತ್ತದೆ. ಭಾಗಕ್ಕೆ ಅಂಟಿಕೊಂಡಿರುವ ಕಡೆಯೂ ದಪ್ಪ. ಎರಡು ಅರ್ಧಗಳನ್ನು ಸರಿಯಾಗಿ ಕೂರಿಸುವ ಪುಟ್ಟ ಗೂಟ ಮತ್ತು ತೂತು ಇರುವುದಿಲ್ಲ. ಅಂಚುಗಳಲ್ಲಿ ಫ್ಲ್ಯಾಶ್, ಅಂದರೆ ಅಚ್ಚಿನ ಸಂದಿನಿಂದ ಹೊರಬಂದ ತೆಳು ಪ್ಲಾಸ್ಟಿಕ್ ಪದರ, ಉಳಿದಿರುತ್ತದೆ. ರೆಕ್ಕೆಯ ಹಿಂಬದಿ ಅಂಚು ದಪ್ಪಗಿರುತ್ತದೆ. 1/72ರಲ್ಲಿ 1 ಮಿಲಿಮೀಟರ್ ದಪ್ಪದ ಅಂಚು ಅಂದರೆ ನಿಜವಾದ ವಿಮಾನದಲ್ಲಿ 72 ಮಿಲಿಮೀಟರ್. ಯಾವ ಫೈಟರಿನ ರೆಕ್ಕೆಯೂ ಹಾಗಿರುವುದಿಲ್ಲ, ಅಲ್ವಾ? ಉಜ್ಜಿ ತೆಳು ಮಾಡಲೇಬೇಕು.

ಹೊಸ ಕಂಪನಿ ಅಂದ ಕೂಡಲೇ ಶಾರ್ಟ್ ರನ್ ಅಂತ ತೀರ್ಮಾನಿಸಬೇಡಿ. ಈಗ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡಿ, ಉಕ್ಕಿನ ಅಚ್ಚನ್ನು ಬೇರೆಯವರಿಂದ ಕೊರೆಸುವ ಹೊಸಬರೂ ಇದ್ದಾರೆ. ಕೆಲವು ಸಲ ಹೆಸರು ಮಾತ್ರ ಹೊಸದು, ಕೈಗಳು ಹಳೆಯವು. ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ 2009ರಿಂದ ಮೊದಲ ಮಹಾಯುದ್ಧದ ವಿಮಾನಗಳನ್ನು 1/32ರಲ್ಲಿ ಬಹಳ ಚೆನ್ನಾಗಿ ತಂದು, 2020ರಲ್ಲಿ ಮುಚ್ಚಿಹೋಯಿತು. ಅಲ್ಲಿ ಕೆಲಸ ಮಾಡಿದವರೇ ಆಮೇಲೆ ಕೊಟಾರೆ ಎಂಬ ಹೊಸ ಹೆಸರಿನಲ್ಲಿ 1/32 ಸ್ಪಿಟ್‌ಫೈರ್ ತಂದರು. ಅದನ್ನು ಹೊಸಬರ ಮೊದಲ ಪ್ರಯತ್ನ ಅಂತ ಹೇಗೆ ಕರೆಯುವುದು? ಇನ್ನೊಂದು ಕಡೆ, ಇವತ್ತು ಎಲ್ಲರೂ ಹೊಗಳುವ ಚೆಕ್ ಕಂಪನಿ ಎಡ್ವರ್ಡ್ 1989ರಲ್ಲಿ ಶುರುವಾದಾಗ ಅದರ ಕೆಲಸ ಫೋಟೋ ಎಚ್ ಭಾಗಗಳು, ಅಂದರೆ ತೆಳು ಲೋಹದ ಹಾಳೆಯನ್ನು ರಾಸಾಯನಿಕದಿಂದ ಕೊರೆದು ಮಾಡಿದ ಸಣ್ಣ ಭಾಗಗಳು. ಅದರ ಶುರುವಿನ ಕಿಟ್‌ಗಳಿಗೂ ಈಗಿನವಕ್ಕೂ ಅಜಗಜಾಂತರ. ಹಾಗಾಗಿ ಹೊಸ ಕಂಪನಿಯ ಕಿಟ್ ನೋಡುವಾಗ ಇದು ಅದರ ಎಷ್ಟನೇ ಕಿಟ್ ಅಂತ ಕೇಳಿಕೊಳ್ಳಿ. ನಾನು ಕಂಡಂತೆ, ಮೊದಲ ಕಿಟ್‌ಗಿಂತ ಮೂರನೆಯದು ಸಾಮಾನ್ಯವಾಗಿ ತುಂಬಾ ಸುಧಾರಿಸಿರುತ್ತದೆ.

ಪೆಟ್ಟಿಗೆಯ ಚಿತ್ರ ಬಿಡಿ, ಸ್ಪ್ರೂ ನೋಡಿ

ಪೆಟ್ಟಿಗೆಯ ಮೇಲಿನ ಚಿತ್ರ ಕಿಟ್ ಬಗ್ಗೆ ಏನೂ ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಬಿಡಿಸಿದ ಮಾದರಿಯೂ ಅಷ್ಟೇ. ಕೊಳ್ಳುವ ಮೊದಲು ನಿಜವಾದ ಸ್ಪ್ರೂಗಳ ಫೋಟೋ ಹುಡುಕಿ. ಸಾಧ್ಯವಾದರೆ ಪೆಟ್ಟಿಗೆ ತೆರೆಸಿ ನೋಡಿ.

ನಾನು ಮೊದಲು ನೋಡುವುದು ಕ್ಯಾನೊಪಿ, ಅಂದರೆ ಪೈಲಟ್ ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ. ಬೇರೆ ಯಾವ ತಪ್ಪನ್ನಾದರೂ ಪುಟ್ಟಿ (ಸಂದು ತುಂಬುವ ಲೇಪ) ಹಾಕಿ ಸರಿ ಮಾಡಬಹುದು, ಮಬ್ಬಾದ ದಪ್ಪ ಕ್ಯಾನೊಪಿಯನ್ನು ಪೂರ್ತಿ ಸರಿ ಮಾಡುವುದು ಕಷ್ಟ. ಒಳಗೆ ಗುಳ್ಳೆ ಇದೆಯಾ, ಚೌಕಟ್ಟಿನ ಗೆರೆ ಚೂಪಾಗಿದೆಯಾ, ಅದರ ಮೂಲಕ ಅಕ್ಷರ ಓದಿದರೆ ಸೊಟ್ಟ ಕಾಣುತ್ತದಾ ಅಂತ ನೋಡಿ. ಕೆಲವು ಶಾರ್ಟ್ ರನ್ ಕಿಟ್‌ಗಳಲ್ಲಿ ನಿರ್ವಾತದಲ್ಲಿ ಎಳೆದು ಮಾಡಿದ ತೆಳು ಹಾಳೆಯ ಕ್ಯಾನೊಪಿ ಇರುತ್ತದೆ. ನೋಡಲು ಅದು ತುಂಬಾ ಚೆಂದ, ಏಕೆಂದರೆ ತೆಳುವಾಗಿರುತ್ತದೆ. ಆದರೆ ನೀವೇ ಕತ್ತರಿಸಿಕೊಳ್ಳಬೇಕು. ಒಳಗೆ ಮೆತ್ತನೆಯ ಜೇಡಿ ತುಂಬಿಕೊಂಡು, ಹೊಸ ಬ್ಲೇಡಿನಿಂದ ಹಗುರವಾಗಿ ಹಲವು ಸಲ ಗೀರಿದರೆ ಆಕಾರ ಕೆಡದೆ ಬಿಡಿಸಬಹುದು.

ಆಮೇಲೆ ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ಮೈ ಹೊದಿಸಿದ ಲೋಹದ ಹಾಳೆಗಳು ಸೇರುವ ಸಂದಿನ ಗೆರೆಗಳು. ಎಲ್ಲ ಕಡೆ ಒಂದೇ ಅಗಲ, ಒಂದೇ ಆಳ ಇದ್ದರೆ ಅಚ್ಚು ಕೊರೆದವರು ಕಷ್ಟಪಟ್ಟಿದ್ದಾರೆ ಅಂತ ಅರ್ಥ. ಗೆರೆ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ಒಂದು ಲೆಕ್ಕ: 1/72ರಲ್ಲಿ 0.15 ಮಿಲಿಮೀಟರ್ ಗೆರೆ ಅಂದರೆ ನಿಜದಲ್ಲಿ ಸುಮಾರು 11 ಮಿಲಿಮೀಟರ್ ಸಂದು. ಅದೇ ಜಾಸ್ತಿ. ಅದಕ್ಕಿಂತ ಅಗಲ ಇದ್ದರೆ ಬಣ್ಣ ಹಚ್ಚಿದ ಮೇಲೆ ವಿಮಾನ ಕಾಲುವೆ ತೋಡಿದಂತೆ ಕಾಣುತ್ತದೆ.

ದಪ್ಪ ಇರುವ ಕಡೆ ತಗ್ಗು ಬಿದ್ದಿದೆಯಾ ನೋಡಿ. ಪ್ಲಾಸ್ಟಿಕ್ ದಪ್ಪಗಿದ್ದಲ್ಲಿ ನಿಧಾನವಾಗಿ ಆರಿ ಒಳಕ್ಕೆ ಕುಗ್ಗುತ್ತದೆ. ಎಜೆಕ್ಟರ್ ಪಿನ್ನಿನ, ಅಂದರೆ ಭಾಗವನ್ನು ಅಚ್ಚಿನಿಂದ ಹೊರಕ್ಕೆ ತಳ್ಳುವ ಕಡ್ಡಿಯ, ದುಂಡು ಗುರುತುಗಳು ದೊಡ್ಡ ಕಂಪನಿಗಳ ಕಿಟ್‌ಗಳಲ್ಲೂ ಇರುತ್ತವೆ. ಅವು ಕಾಣದ ಕಡೆ ಇವೆಯಾ, ಚಕ್ರದ ಬಾಗಿಲಿನ ಒಳಮೈ ಮೇಲೇ ಇವೆಯಾ ಅನ್ನುವುದು ಮುಖ್ಯ.

ಕೊನೆಗೆ ಸೂಚನಾ ಹಾಳೆ. ಹೊಸ ಕಂಪನಿಗಳು ಇದರ ಮೇಲೆ ಕಡಿಮೆ ಗಮನ ಕೊಡುತ್ತವೆ ಅನ್ನುವುದು ನನ್ನ ದೂರು. ಕಾಕ್‌ಪಿಟ್ ಎಲ್ಲಿ ಅಂಟಿಸಬೇಕು ಅಂತ ಬಾಣದ ಗುರುತು ಹಾಕಿರುತ್ತಾರೆ, ಎಷ್ಟು ಒಳಗೆ, ಯಾವ ಗೆರೆಗೆ ಅಂತ ಇರುವುದಿಲ್ಲ.

ರೆಕ್ಕೆ ಮೈಗೆ ಸೇರುವ ಜಾಗ

ಎರಡು ಬಗೆಯ ಕಿಟ್‌ಗಳ ನಡುವಿನ ನಿಜವಾದ ಅಂತರ ಕೈಗೆ ಸಿಗುವುದು ಇಲ್ಲಿ. ಟಮಿಯಾದಂಥ ಕಂಪನಿಯ ಹೊಸ ಕಿಟ್‌ನಲ್ಲಿ ರೆಕ್ಕೆ ತಂದು ಹಿಡಿದರೆ ತಾನಾಗಿ ಕೂರುತ್ತದೆ. ಸಂದು ಒಂದು ಪ್ಯಾನೆಲ್ ಗೆರೆಯ ಮೇಲೇ ಬರುವಂತೆ ಮಾಡಿರುತ್ತಾರೆ. ಅಂಟು ಸವರಿ ಬಿಟ್ಟರೆ ಆಯಿತು. ಹೊಸ ಕಂಪನಿಯ ಶಾರ್ಟ್ ರನ್ ಕಿಟ್‌ನಲ್ಲಿ ರೆಕ್ಕೆ ಮತ್ತು ಮೈ ಬರೀ ಚಪ್ಪಟೆ ಮುಖಗಳಲ್ಲಿ ಸೇರುತ್ತವೆ. ಹಿಡಿದಿಡಲು ಏನೂ ಇರುವುದಿಲ್ಲ.

ನಾನು ಕಟ್ಟಿದ ಅಂಥ ಒಂದು ಕಿಟ್ ಜೆಟ್ ತರಬೇತಿ ವಿಮಾನದ್ದು. ಮೈಯ ಎಡ ಅರ್ಧಕ್ಕಿಂತ ಬಲ ಅರ್ಧ ಒಂದೂವರೆ ಮಿಲಿಮೀಟರ್ ಉದ್ದ ಇತ್ತು. ನಾನು ಕಾಕ್‌ಪಿಟ್ಟನ್ನು ಎಡ ಅರ್ಧಕ್ಕೆ ಅಂಟಿಸಿದ ಮೇಲೆ ಅದು ಗೊತ್ತಾಯಿತು. ಆಗ ಬಾಲ ಸರಿ ಮಾಡಿದರೆ ಮೂಗು ಸೇರುವುದಿಲ್ಲ, ಮೂಗು ಸರಿ ಮಾಡಿದರೆ ಬಾಲ ಸೇರುವುದಿಲ್ಲ. ಕಾಕ್‌ಪಿಟ್ ಕಿತ್ತು, ವ್ಯತ್ಯಾಸವನ್ನು ಮುಂದೆ ಅರ್ಧ ಹಿಂದೆ ಅರ್ಧ ಹಂಚಿ, ಎರಡೂ ತುದಿ ಉಜ್ಜಿ ಸರಿಪಡಿಸಿದೆ. ಒಂದು ವಾರ ಹಿಡಿಯಿತು. ಅಂದಿನಿಂದ ಅಂಟಿನ ಬಾಟಲಿ ತೆರೆಯುವ ಮೊದಲು ಎಲ್ಲ ದೊಡ್ಡ ಭಾಗಗಳನ್ನು ಬಿಡಿಸಿ, ಬರೀ ಟೇಪು ಹಾಕಿ ಇಡೀ ವಿಮಾನವನ್ನು ಒಮ್ಮೆ ನಿಲ್ಲಿಸಿ ನೋಡುತ್ತೇನೆ. ಹೊಸ ಕಂಪನಿಯ ಕಿಟ್‌ಗೆ ಈ ಒಣ ಜೋಡಣೆಯನ್ನು ತಪ್ಪಿಸಲೇಬೇಡಿ. ಹೆಸರಾಂತ ಕಂಪನಿಯದಾದರೆ ತಪ್ಪಿಸಿದರೂ ಹೆಚ್ಚಿನ ಸಲ ಬಚಾವಾಗುತ್ತೀರಿ.

ರೆಕ್ಕೆಗೆ ನಾನು ಮಾಡುವುದು ಹೀಗೆ. ಎರಡೂ ಚಪ್ಪಟೆ ಮುಖಗಳಲ್ಲಿ ಸಣ್ಣ ತೂತು ಕೊರೆದು ಹಿತ್ತಾಳೆ ತಂತಿ ಹಾಕುತ್ತೇನೆ. 1/72ಕ್ಕೆ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪದ್ದು ಸಾಕು. ಇದರಿಂದ ಬಲವೂ ಬರುತ್ತದೆ, ಎರಡೂ ರೆಕ್ಕೆ ಒಂದೇ ಕೋನದಲ್ಲಿ ನಿಲ್ಲುತ್ತವೆ. ಸಂದು ಮೇಲ್ಭಾಗದಲ್ಲಿ ಬಾಯಿ ಬಿಟ್ಟಿದ್ದರೆ ಕೂಡಲೇ ಪುಟ್ಟಿಗೆ ಕೈ ಹಾಕಬೇಡಿ. ಮೈಯ ಒಳಗೆ ಸ್ಪ್ರೂ ತುಂಡೊಂದನ್ನು ಅಡ್ಡ ಇಟ್ಟು ಮೈಯನ್ನೇ ಸ್ವಲ್ಪ ಅಗಲಿಸಿ. ಎಷ್ಟೋ ಸಲ ಸಂದು ತಾನಾಗಿ ಮುಚ್ಚುತ್ತದೆ. ಇಲ್ಲದಿದ್ದರೆ ರೆಕ್ಕೆಯ ಒಂದು ತುದಿಯಿಂದ ಮೈಯ ಮೇಲೆ ಹಾಯಿಸಿ ಇನ್ನೊಂದು ತುದಿಗೆ ಟೇಪು ಬಿಗಿದರೆ ರೆಕ್ಕೆ ಮೇಲಕ್ಕೆ ಎದ್ದು ಸಂದು ಸೇರುತ್ತದೆ. ಇನ್ನೂ ಉಳಿದರೆ ತೆಳು ಪ್ಲಾಸ್ಟಿಕ್ ಹಾಳೆಯ ಪಟ್ಟಿ ಕತ್ತರಿಸಿ ತುಂಬಿ. ಪುಟ್ಟಿ ಒಣಗುವಾಗ ಕುಗ್ಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಕುಗ್ಗುವುದಿಲ್ಲ. ಪುಟ್ಟಿ ಕೊನೆಯ ಕೂದಲೆಳೆಯಷ್ಟು ಬಿರುಕಿಗೆ ಮಾತ್ರ.

ಆಮೇಲೆ ಉಜ್ಜುವ ಕೆಲಸ. 400ರ ಉಜ್ಜುಕಾಗದದಿಂದ ಶುರು ಮಾಡಿ 600, 1000 ಅಂತ ಇನ್ನೂ ನಯವಾದದ್ದಕ್ಕೆ ಹೋಗಿ. ನೀರು ಹಚ್ಚಿ ಉಜ್ಜಿದರೆ ಧೂಳು ಏಳುವುದಿಲ್ಲ, ಕಾಗದವೂ ಕಟ್ಟಿಕೊಳ್ಳುವುದಿಲ್ಲ. ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಮತ್ತೆ ಕೊರೆಯಬೇಕು. ಬಣ್ಣಕ್ಕೆ ಮುಂಚೆ ಹೊಡೆಯುವ ಬೂದು ಲೇಪ, ಪ್ರೈಮರ್, ಒಂದು ಪದರ ಹೊಡೆದಾಗ ಉಳಿದ ತಪ್ಪುಗಳೆಲ್ಲ ಕಾಣುತ್ತವೆ. ನಾನು ಸಾಮಾನ್ಯವಾಗಿ ಮೂರು ಸಲ ಪ್ರೈಮರ್ ಹೊಡೆದು ಮೂರು ಸಲ ಉಜ್ಜುತ್ತೇನೆ. ಇಷ್ಟೆಲ್ಲ ಓದಿ ಬೇಜಾರಾದರೆ ಅದೂ ಒಂದು ಉತ್ತರವೇ: ನಿಮಗೆ ಹೆಸರಾಂತ ಕಂಪನಿಯ ಕಿಟ್ ಸರಿ. ಓದುತ್ತಾ ಕೈ ಕಡಿಯತೊಡಗಿದರೆ ಹೊಸ ಕಂಪನಿಯದನ್ನು ತೆಗೆದುಕೊಳ್ಳಿ.

ಅಂಟು, ಬಣ್ಣ, ಡಿಕಾಲ್

ಅಂಟಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಪಾಲಿಸ್ಟೈರೀನ್‌ಗೆ ತೆಳು ದ್ರವದ ಸಿಮೆಂಟ್. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ರೆಸಿನ್ (ದ್ರವವನ್ನು ಗಟ್ಟಿಯಾಗಿಸಿ ಮಾಡಿದ) ಮತ್ತು ಲೋಹದ ಭಾಗಗಳಿಗೆ ಸೂಪರ್ ಗ್ಲೂ, ಕ್ಯಾನೊಪಿಗೆ ಬಿಳಿ ಅಂಟು. ಸೂಪರ್ ಗ್ಲೂ ಆವಿ ಪಾರದರ್ಶಕ ಭಾಗವನ್ನು ಮಬ್ಬಾಗಿಸುತ್ತದೆ. ಕೆಲವು ಶಾರ್ಟ್ ರನ್ ಕಿಟ್‌ಗಳ ಪ್ಲಾಸ್ಟಿಕ್ ತುಂಬಾ ಮೆತ್ತಗಿರುತ್ತದೆ, ಸಿಮೆಂಟ್ ಹಚ್ಚಿದ ಕೂಡಲೇ ಅಂಚು ಕರಗುತ್ತದೆ. ಮೊದಲು ಸ್ಪ್ರೂ ತುಂಡಿನ ಮೇಲೆ ಹಚ್ಚಿ ನೋಡಿ.

ಕಟ್ಟಲು ಕೂರುವ ಮೊದಲು ಸ್ಪ್ರೂಗಳನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಲ್ಯಾಕರ್ ಬಣ್ಣ ಬಳಸುವವರು ಗಾಳಿಯಾಡುವ ಜಾಗದಲ್ಲಿ, ಸರಿಯಾದ ಮಾಸ್ಕ್ ಹಾಕಿಕೊಂಡೇ ಹೊಡೆಯಿರಿ.

ಡಿಕಾಲ್, ಅಂದರೆ ನೀರಲ್ಲಿ ನೆನೆಸಿ ವಿಮಾನದ ಮೇಲೆ ಅಂಟಿಸುವ ಗುರುತುಗಳ ಹಾಳೆ, ಇದರ ಬಗ್ಗೆ ಮಾತ್ರ ಎಚ್ಚರ ಬೇಕು. ಒಳ್ಳೆಯ ಸುದ್ದಿ ಅಂದರೆ, ಹೊಸ ಕಂಪನಿಗಳಲ್ಲಿ ಹಲವು ಡಿಕಾಲನ್ನು ತಾವೇ ಮುದ್ರಿಸುವುದಿಲ್ಲ, ಪರಿಣತರಿಗೆ ಕೊಡುತ್ತವೆ. ಇಟಲಿಯ ಕಾರ್ಟೊಗ್ರಾಫ್ ಅಂಥ ಮುದ್ರಕ. ಆ ಹೆಸರು ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ವಾಯುಪಡೆಯ ದುಂಡು ಗುರುತನ್ನು ಗಮನಿಸಿ. ಒಳವೃತ್ತ ನಡುವಿನಲ್ಲಿ ಇಲ್ಲದಿದ್ದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಅಂತ. ಹಾಳೆಯಲ್ಲಿ ಬೇಡವಾದ ಒಂದು ಡಿಕಾಲನ್ನು ಮೊದಲು ನೀರಿಗೆ ಹಾಕಿ ಪರೀಕ್ಷಿಸಿ. ಅದು ಚೂರಾದರೆ ಉಳಿದ ಹಾಳೆಯ ಮೇಲೆ ಪಾರದರ್ಶಕ ಲ್ಯಾಕರ್ ಒಂದು ತೆಳು ಪದರ ಹೊಡೆದು, ಒಂದೊಂದನ್ನೂ ಅಂಚು ಹಿಡಿದು ಕತ್ತರಿಸಿ ಬಳಸಬಹುದು.

ಯಾವ ಸ್ಕೇಲ್?

ಹೊಸ ಕಂಪನಿಯ ಕಿಟ್ ಆದರೆ ನಾನು 1/72 ಅನ್ನುವವನು. ಸ್ಪಿಟ್‌ಫೈರಿನ ರೆಕ್ಕೆಯ ಅಗಲ 11.23 ಮೀಟರ್. 1/72ರಲ್ಲಿ ಅದು 15.6 ಸೆಂಟಿಮೀಟರ್, 1/48ರಲ್ಲಿ 23.4, 1/32ರಲ್ಲಿ 35. ಸ್ಕೇಲ್ ದೊಡ್ಡದಾದಷ್ಟೂ ಕಾಕ್‌ಪಿಟ್, ಚಕ್ರದ ಗೂಡು, ಎಂಜಿನ್ ಎಲ್ಲ ಕಣ್ಣಿಗೆ ಹೊಡೆಯುತ್ತವೆ. ಅಚ್ಚಿನಲ್ಲಿ ಆ ವಿವರ ಇಲ್ಲದಿದ್ದರೆ ನೀವೇ ಕೈಯಿಂದ ಮಾಡಬೇಕು. ಚಿಕ್ಕ ಸ್ಕೇಲ್ ಹೊಸಬರ ಕೊರತೆಗಳನ್ನು ಮನ್ನಿಸುತ್ತದೆ. ದೊಡ್ಡ ಬಾಂಬರಿಗೆ ಜಾಗದ ಪ್ರಶ್ನೆಯೂ ಇದೆ. 43 ಮೀಟರ್ ಅಗಲದ ಬಿ-29 1/72ರಲ್ಲೇ 60 ಸೆಂಟಿಮೀಟರ್ ಆಗುತ್ತದೆ, 1/48ರಲ್ಲಿ 90. ಕೊಳ್ಳುವ ಮೊದಲು ಕಪಾಟು ಅಳೆಯಿರಿ.

ನಡುವೆ ಇರುವ ಇನ್ನೆರಡು ದಾರಿ

ಹೆಸರಾಂತ ಕಂಪನಿಯ ಎಲ್ಲ ಕಿಟ್‌ಗಳೂ ಹೊಸವಲ್ಲ. ಹೊಳೆಯುವ ಹೊಸ ಪೆಟ್ಟಿಗೆಯೊಳಗೆ 1960, 70ರ ದಶಕದ ಅಚ್ಚು ಇರಬಹುದು. ಉಬ್ಬಿದ ಪ್ಯಾನೆಲ್ ಗೆರೆ, ಸಾಲುಸಾಲು ದಪ್ಪ ರಿವೆಟ್ಟು, ಒಂದು ಪೀಠ ಮತ್ತು ಅದರ ಮೇಲೆ ಕೂತ ಪೈಲಟ್ ಬಿಟ್ಟರೆ ಖಾಲಿ ಕಾಕ್‌ಪಿಟ್ ಕಂಡರೆ ಅದು ಹಳೆಯ ಅಚ್ಚು. ಅಂಥದಕ್ಕೂ ಹೊಸ ಕಂಪನಿಯ ಕಿಟ್‌ಗೂ ನಡುವೆ ಆರಿಸುವುದಾದರೆ ನನ್ನ ಓಟು ಹೊಸ ಕಂಪನಿಗೆ. ಎರಡರಲ್ಲೂ ಪುಟ್ಟಿ ಬೇಕೇ ಬೇಕು. ಆದರೆ ಹೊಸದರಲ್ಲಿ ಆಕಾರವನ್ನು ಈಗ ಸಿಗುವ ಫೋಟೋ, ನಕ್ಷೆ, ಅಳತೆ ನೋಡಿ ಮಾಡಿರುತ್ತಾರೆ.

ಇನ್ನೊಂದು ದಾರಿ ರೆಸಿನ್ ಅಥವಾ 3ಡಿ ಪ್ರಿಂಟ್ ಕಿಟ್. ಹೊಸ ಕಂಪನಿಗಳು ಇಲ್ಲಿಂದಲೂ ಶುರು ಮಾಡುತ್ತವೆ, ಏಕೆಂದರೆ ದುಬಾರಿ ಅಚ್ಚು ಬೇಡ. ವಿವರ ಅದ್ಭುತವಾಗಿರುತ್ತದೆ. ಆದರೆ ಭಾಗಗಳು ಪೆಡಸು, ಬಿದ್ದರೆ ಒಡೆಯುತ್ತವೆ. ಉದ್ದದ ತೆಳು ಭಾಗಗಳು ಬಾಗಿರಬಹುದು. ರೆಸಿನ್ ಧೂಳು ಉಸಿರಿಗೆ ಕೆಟ್ಟದ್ದು, ನೀರಿನಲ್ಲೇ ಉಜ್ಜಿ. ಮೊದಲ ಕಿಟ್ ಆಗಿ ಇದನ್ನು ಯಾರಿಗೂ ಹೇಳಲಾರೆ. ಪ್ಲಾಸ್ಟಿಕ್ ಕಿಟ್‌ನೊಳಗೆ ಪೀಠ, ಚಕ್ರ, ಎಂಜಿನ್ ಮಾತ್ರ 3ಡಿ ಪ್ರಿಂಟ್ ಇಟ್ಟು ಕೊಡುವ ಕಂಪನಿಗಳಿವೆ. ಅದು ಬಹಳ ಜಾಣ ಹೊಂದಾಣಿಕೆ.

ಹಾಗಾದರೆ ಯಾರು ಯಾವುದನ್ನು?

ಇದುವರೆಗೆ ಒಂದು ಕಿಟ್ಟನ್ನೂ ಕಟ್ಟಿಲ್ಲ ಅಂದರೆ ಹೆಸರಾಂತ ಕಂಪನಿಯ, ಇತ್ತೀಚಿನ ಅಚ್ಚಿನ, 1/72 ಅಥವಾ 1/48ರ ಒಂಟಿ ಎಂಜಿನ್ ಫೈಟರ್ ತೆಗೆದುಕೊಳ್ಳಿ. ದೇಶದ ವಿಮಾನದ ಮೇಲೆ ಎಷ್ಟೇ ಆಸೆ ಇದ್ದರೂ ಆ ಪೆಟ್ಟಿಗೆಯನ್ನು ಕಪಾಟಿನಲ್ಲಿಡಿ. ಕೊಂಡು ಇಡಿ, ಯಾಕೆಂದರೆ ಚಿಕ್ಕ ಕಂಪನಿಯ ಕಿಟ್ ಒಮ್ಮೆ ಮುಗಿದರೆ ಮತ್ತೆ ಬರುತ್ತದೆ ಅನ್ನುವ ಭರವಸೆ ಇಲ್ಲ. ಮೆತ್ತಗಿನ ಅಚ್ಚು ಸವೆದುಹೋಗುತ್ತದೆ. ನಾಲ್ಕೈದು ಕಿಟ್ ಕಟ್ಟಿ, ಸಂದು ಮುಚ್ಚುವುದು ಕೈಗೆ ಹತ್ತಿದ ಮೇಲೆ ಅದನ್ನು ತೆರೆಯಿರಿ.

ಮಕ್ಕಳ ಜೊತೆ ಕೂತು ಕಟ್ಟುವವರಿಗೂ ಇದೇ ಮಾತು. ಭಾಗ ಸೇರದೇ ಹೋದರೆ ಮಗು ತನ್ನ ಕೈಯದೇ ತಪ್ಪು ಅಂದುಕೊಳ್ಳುತ್ತದೆ. ಅದು ಆಗಬಾರದು.

ಅನುಭವ ಇರುವವರು, ಅದರಲ್ಲೂ ತಮ್ಮ ದೇಶದ ವಿಮಾನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು ಅನ್ನುವವರು, ಹೊಸ ಕಂಪನಿಯ ಕಿಟ್ಟನ್ನು ಬಿಡಬೇಡಿ. ಮೂಗಿನ ಕೆಳಗೆ ಚಕ್ರ ಇರುವ ಜೆಟ್ ಆದರೆ ಒಂದು ಮಾತು: ಮೈ ಮುಚ್ಚುವ ಮೊದಲು ಮೂಗಿನಲ್ಲಿ ತೂಕ ತುಂಬಿ. ಸೂಚನಾ ಹಾಳೆಯಲ್ಲಿ ಎಷ್ಟು ಗ್ರಾಂ ಅಂತ ಇಲ್ಲದಿದ್ದರೆ, ಭಾಗಗಳನ್ನು ಟೇಪಿನಿಂದ ಜೋಡಿಸಿ, ಹಿಂದಿನ ಚಕ್ರಗಳು ಬರುವ ಜಾಗದಲ್ಲಿ ಬೆರಳ ಮೇಲೆ ನಿಲ್ಲಿಸಿ, ಮೂಗು ಕೆಳಗೆ ಬೀಳುವವರೆಗೆ ತೂಕ ಸೇರಿಸಿ. ಆಮೇಲೆ ಇನ್ನೂ ಸ್ವಲ್ಪ.

ಕಿಟ್‌ನಲ್ಲಿ ಭಾಗ ಮುರಿದಿದ್ದರೆ, ಪ್ಲಾಸ್ಟಿಕ್ ಪೂರ್ತಿ ತುಂಬದೆ ಅರ್ಧಕ್ಕೆ ನಿಂತಿದ್ದರೆ ಕಂಪನಿಗೆ ಬರೆಯಿರಿ. ಇದರಲ್ಲಿ ನನಗೆ ಚಿಕ್ಕ ಕಂಪನಿಗಳೇ ಇಷ್ಟ. ನನ್ನ ಆ ತರಬೇತಿ ವಿಮಾನದ ಬಗ್ಗೆ ನಾನು ಫೋಟೋ ತೆಗೆದು, ಸ್ಕೇಲ್ ಪಟ್ಟಿ ಪಕ್ಕದಲ್ಲಿಟ್ಟು, ಎಡ ಬಲ ಅರ್ಧಗಳ ಅಳತೆ ಸಮೇತ ಬರೆದಿದ್ದೆ. ಉತ್ತರ ಬರೆದವರು ಅಚ್ಚಿನ ವಿನ್ಯಾಸ ಮಾಡಿದವರೇ. ಮುಂದಿನ ಸಲ ಆ ಅರ್ಧವನ್ನು ತಿದ್ದುತ್ತೇವೆ ಅಂದರು, ಹೊಸ ಸ್ಪ್ರೂ ಒಂದನ್ನು ಕಳಿಸಿದರು. ಆ ಸ್ಪ್ರೂ ಬರುವಷ್ಟರಲ್ಲಿ ನನ್ನ ವಿಮಾನಕ್ಕೆ ಬಣ್ಣ ಹಚ್ಚಿ ಆಗಿತ್ತು. ಅದನ್ನು ಎರಡನೆಯ ಪೆಟ್ಟಿಗೆಯೊಳಗೆ ಇಟ್ಟುಕೊಂಡಿದ್ದೇನೆ. ಅದೇ ವಿಮಾನವನ್ನು ಇನ್ನೊಮ್ಮೆ, ಬೇರೆ ಸ್ಕ್ವಾಡ್ರನ್ನಿನ ಬಣ್ಣದಲ್ಲಿ ಕಟ್ಟುವುದಿದೆ.